ಓಎಸ್‌ಗಿಂತ ಮೊದಲು ಬದಲಾಗಬೇಕಿದ್ದದ್ದು: ಕರಡು ತಿದ್ದುವ ಒಬ್ಬರ ಪ್ರಕರಣ

ಇದು ಕನ್ನಡ ಪುಸ್ತಕಗಳ ಕರಡು ತಿದ್ದಿ, ಪುಟ ಕಟ್ಟುವ ಒಬ್ಬರ ಪ್ರಕರಣ. ವರ್ಷಗಟ್ಟಲೆ ಬೇಸತ್ತು, ಹಳೆಯ ಆಪರೇಟಿಂಗ್ ಸಿಸ್ಟಂ (ಓಎಸ್) ಬಿಟ್ಟು, ಉಚಿತವಾಗಿ ಸಿಗುವ ಇನ್ನೊಂದು ಓಎಸ್ ಆದ ಲಿನಕ್ಸ್‌ಗೆ ಬಂದರು. ಮೊದಲ ಸಲ ಒಂಬತ್ತೇ ದಿನಕ್ಕೆ ವಾಪಸ್ ಹೋದರು. ಎರಡನೇ ಸಲ ನೆಲೆ ನಿಂತರು. ಎರಡೂ ಸಲ ನಾನು ಜೊತೆಗಿದ್ದೆ. ಮೊದಲ ಸೋಲಿಗೆ ಹೆಚ್ಚಿನ ಕಾರಣ ನನ್ನ ಅವಸರ, ಅದನ್ನೂ ಇಲ್ಲಿ ಬರೆದಿದ್ದೇನೆ.

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಪ್ರಕಾಶಕರು, ಪುಸ್ತಕಗಳು, ಯಾವುದನ್ನೂ ಹೇಳುವುದಿಲ್ಲ. ನಾನು ಅವರನ್ನು ಕರೆಯುವುದು ಅಕ್ಕ ಅಂತ, ಇಲ್ಲೂ ಹಾಗೇ ಇರಲಿ. ಹಳೆಯ ಓಎಸ್‌ನ ಹೆಸರೂ ಬೇಡ. ಅವರು ಪಟ್ಟ ಪಾಡಿನಲ್ಲಿ ಅದರ ಪಾಲು ಎಷ್ಟು ಅನ್ನುವುದು ನಮಗೇ ಕೊನೆಕೊನೆಗೆ ಗೊತ್ತಾಯಿತು.

ಹಿನ್ನೆಲೆ

ಅಕ್ಕ ಈ ಕೆಲಸಕ್ಕೆ ಬಂದು 17 ವರ್ಷ. ಟೈಪ್ ಮಾಡುವುದು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ, ಪುಟ ಕಟ್ಟುವುದು ಪೇಜ್‌ಮೇಕರ್ 7.0ನಲ್ಲಿ. ಪೇಜ್‌ಮೇಕರ್‌ನ ಆ ಆವೃತ್ತಿ ಬಂದದ್ದು 2001ರಲ್ಲಿ, ಅದರ ಮುಂದಿನ ಆವೃತ್ತಿ ಬರಲೇ ಇಲ್ಲ. ಆದರೂ ಕನ್ನಡದ ಮುದ್ರಣ ಕೆಲಸದಲ್ಲಿ ಅದು ತುಂಬಾ ಕಾಲ ಉಳಿದುಕೊಂಡಿತು. ಹಳೆಯ ಕನ್ನಡ ಫಾಂಟುಗಳು ಅದರ ಜೊತೆ ಚೆನ್ನಾಗಿ ಹೊಂದುತ್ತಿದ್ದವು, ಅಷ್ಟೇ ಕಾರಣ.

ಆ ಫಾಂಟುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮುಂದಿನ ಎಲ್ಲ ತೊಡಕೂ ಶುರುವಾಗುವುದು ಅಲ್ಲಿಂದಲೇ. ಹಳೆಯ ನುಡಿ ಫಾಂಟಿನಲ್ಲಿ ತೆರೆಯ ಮೇಲೆ ‘ಕ’ ಕಂಡರೂ ಕಂಪ್ಯೂಟರಿನ ಒಳಗೆ ಅಲ್ಲಿ ಕ ಇರುವುದಿಲ್ಲ. ಇಂಗ್ಲಿಷಿನ ಅಕ್ಷರ, ಚಿಹ್ನೆಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು ಬರೆದಿಟ್ಟಿರುತ್ತಾರೆ. ತಲೆಕಟ್ಟು ಒಂದು ತುಂಡು, ಕೊಂಬು ಒಂದು ತುಂಡು, ದೀರ್ಘ ಒಂದು, ಒಂದೊಂದು ಒತ್ತಿಗೂ ಒಂದೊಂದು. ತುಂಡು ಜೋಡಿಸಿದರೆ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದ ಕಡೆ ಅದೇ ಫೈಲು ಅರ್ಥವಿಲ್ಲದ ಚಿಹ್ನೆಗಳ ರಾಶಿ.

ಎಲ್ಲ ಭಾಷೆಗಳಿಗೂ ಸೇರಿ ಇರುವ ಸಂಕೇತ ಪದ್ಧತಿ ಯೂನಿಕೋಡ್‌ನಲ್ಲಿ ಹಾಗಲ್ಲ. ಕನ್ನಡಕ್ಕೇ ಅಂತ 128 ಜಾಗಗಳನ್ನು ತೆಗೆದಿಟ್ಟಿದ್ದಾರೆ. ಕ ಅಂದರೆ ಯಾವ ಫಾಂಟಿನಲ್ಲೂ, ಯಾವ ಕಂಪ್ಯೂಟರಿನಲ್ಲೂ ಕ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ಅದು ಮಾಮೂಲಿ ಕಂಪ್ಯೂಟರುಗಳಲ್ಲಿ ಸರಿಯಾಗಿ ಮೂಡಲು ಇನ್ನೂ ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಮುದ್ರಣದವರೆಲ್ಲ ತುಂಡು ಜೋಡಿಸುವ ಫಾಂಟಿಗೆ ಒಗ್ಗಿಹೋಗಿದ್ದರು. ಅಕ್ಕ ಕೆಲಸ ಕಲಿತದ್ದೂ ಅಂಥವರ ಹತ್ತಿರವೇ.

ಬೇಸರ

ಲ್ಯಾಪ್‌ಟಾಪಿಗೆ ಎಂಟು ವರ್ಷ. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಬೆಳಿಗ್ಗೆ ಗುಂಡಿ ಒತ್ತಿದರೆ ಕೆಲಸಕ್ಕೆ ಸಿಗಲು ಆರೇಳು ನಿಮಿಷ ಬೇಕಿತ್ತು. ಅಕ್ಕ ಗುಂಡಿ ಒತ್ತಿ, ಬೇರೆ ಕೆಲಸಕ್ಕೆ ಎದ್ದು ಹೋಗಿ, ವಾಪಸ್ ಬಂದು ಕೂರುವುದು ಅಭ್ಯಾಸವಾಗಿತ್ತು. ಅವಸರದ ದಿನವೇ ಅಪ್‌ಡೇಟ್ ಶುರುವಾಗುತ್ತಿತ್ತು. ಫೈಲ್ ಉಳಿಸಲು ಒತ್ತಿದರೆ ಕರ್ಸರ್ ಸುತ್ತುತ್ತಾ ನಿಂತುಬಿಡುತ್ತಿತ್ತು.

ಎಲ್ಲಕ್ಕಿಂತ ಜಾಸ್ತಿ ಅವರನ್ನು ಕಾಡಿದ್ದು ಇನ್ನೊಂದು ಸಂಗತಿ. ಅವರ ಓಎಸ್‌ಗೆ ಸುರಕ್ಷತೆಯ ಅಪ್‌ಡೇಟ್ ನಿಲ್ಲುವ ದಿನ ಹತ್ತಿರ ಬಂದಿತ್ತು. ಮುಂದಿನ ಆವೃತ್ತಿ ಹಾಕೋಣ ಅಂದರೆ ಈ ಯಂತ್ರ ಅದಕ್ಕೆ ಸಾಲದು. ಹೊಸ ಲ್ಯಾಪ್‌ಟಾಪ್ ಕೊಳ್ಳಬಹುದಿತ್ತು. ಆದರೆ ಅದರಲ್ಲಿ ಪೇಜ್‌ಮೇಕರ್ ಓಡದಿದ್ದರೆ ಅನ್ನುವ ಭಯ. ಹಳೆಯದರಲ್ಲಿ ಇರುವಂತಿಲ್ಲ, ಹೊಸದಕ್ಕೆ ಹೋಗುವಂತಿಲ್ಲ. ಆಗ ನನಗೆ ಫೋನ್ ಮಾಡಿದರು.

ಮೊದಲ ಪ್ರಯತ್ನ, ಒಂಬತ್ತು ದಿನ

ನಾನು ವರ್ಷಗಳಿಂದ ಲಿನಕ್ಸ್ ಬಳಸುತ್ತೇನೆ. ಹಾಗಾಗಿ ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅವರ ಕೆಲಸದ ಬಗ್ಗೆ ಹೆಚ್ಚು ಕೇಳಲಿಲ್ಲ. ಅದೇ ಡಿಸ್ಕಿನಲ್ಲಿ ಸ್ವಲ್ಪ ಜಾಗ ಬಿಡಿಸಿ, ಹಳೆಯ ಓಎಸ್ ಪಕ್ಕದಲ್ಲೇ ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್ ಹಾಕಿದೆ. ಕಂಪ್ಯೂಟರ್ ಶುರುವಾಗುವಾಗ ಯಾವುದು ಬೇಕೋ ಆರಿಸಿಕೊಳ್ಳಬಹುದು. ಎರಡೂ ಇರುತ್ತದೆ, ಏನೂ ಕಳೆದುಹೋಗಲ್ಲ ಅಂತ ಧೈರ್ಯ ಹೇಳಿದೆ.

ಮೊದಲ ದಿನವೇ ಅಕ್ಕನ ಒಂದು ಫೈಲು ತೆರೆದೆವು. ಇಡೀ ಪುಟ ಬರೀ ಚಿಹ್ನೆಗಳು. ಅವರ ಮುಖ ಬಿಳುಪಾಯಿತು. ಹಳೆಯ ನುಡಿ ಫಾಂಟಿನ ಫೈಲುಗಳನ್ನು ತಂದು ಹಾಕಿದೆ, ಪುಟ ಕನ್ನಡವಾಯಿತು. ಇಬ್ಬರೂ ಉಸಿರು ಬಿಟ್ಟೆವು. ಆದರೆ ಆ ನಿಮಿಷದಲ್ಲೇ ನಾನು ತಪ್ಪಿದ್ದು. ಕನ್ನಡ ಕಾಣುತ್ತಿದೆ ಅಂದಮೇಲೆ ತೊಂದರೆ ತೀರಿತು ಅಂದುಕೊಂಡೆ. ಫೈಲಿನ ಒಳಗೆ ಏನಿದೆ ಅನ್ನುವ ಕಡೆ ಗಮನವೇ ಹೋಗಲಿಲ್ಲ.

ಮೂರನೇ ದಿನದ ಹೊತ್ತಿಗೆ ಕೀಬೋರ್ಡಿನ ದೂರು ಬಂತು. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ, ಕಗಪ’ ಅಂತ ಇದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು, ನುಡಿಯನ್ನು ರೂಪಿಸಿದ ಸಂಸ್ಥೆ. ಸರಿ, ಇದೇ ಅವರ ವಿನ್ಯಾಸ ಅಂತ ಅದನ್ನು ಹಾಕಿಕೊಟ್ಟಿದ್ದೆ. ಆದರೆ ಅದು ಸ್ಥಿರ ವಿನ್ಯಾಸ. ಹಿಂದೆ ಯಾವ ಅಕ್ಷರ ಇದೆ ಅಂತ ನೋಡುವುದಿಲ್ಲ. ಸ್ವರವೇ ಬೇರೆ, ಗುಣಿತದ ಚಿಹ್ನೆಯೇ ಬೇರೆ, ಎರಡನ್ನೂ ನಾವೇ ಆರಿಸಿ ಒತ್ತಬೇಕು. ನುಡಿಯಲ್ಲಿ ಕ ಒತ್ತಿ ಇಂಗ್ಲಿಷಿನ i ಕೀಲಿ ಒತ್ತಿದರೆ ಕಿ ಆಗುತ್ತದೆ, ಬರೀ i ಒತ್ತಿದರೆ ಇ. ಬೆರಳು ಕಲಿತದ್ದು ಅದನ್ನು. 17 ವರ್ಷ ಓಡಿದ ಬೆರಳು ಪ್ರತಿ ಪದದಲ್ಲೂ ಎಡವಿದರೆ ಮನುಷ್ಯರು ಎಷ್ಟು ದಿನ ತಡೆದಾರು?

ಒಂಬತ್ತನೇ ರಾತ್ರಿ ಎಲ್ಲ ಮುಗಿಯಿತು. ಬೆಳಿಗ್ಗೆ ಒಂದು ಪುಸ್ತಕದ ಕೊನೆಯ ಕರಡು ಹೋಗಬೇಕಿತ್ತು. ಫೈಲು ಇದ್ದದ್ದು ಹಳೆಯ ಓಎಸ್‌ನ ಭಾಗದಲ್ಲಿ. ಲಿನಕ್ಸ್‌ನಿಂದ ತೆರೆದರೆ ಓದಲು ಮಾತ್ರ ಸಿಗುತ್ತಿದೆ, ತಿದ್ದಲು ಬಿಡುತ್ತಿಲ್ಲ. ಗಂಟೆ ಹನ್ನೊಂದು. ಹಳೆಯ ಓಎಸ್‌ಗೆ ಹೋಗೋಣ ಅಂತ ಮತ್ತೆ ಶುರು ಮಾಡಿದರೆ ಅಲ್ಲಿ ಅಪ್‌ಡೇಟ್. ನನಗೆ ಫೋನ್ ಬಂತು.

“ನನಗೆ ಇದು ಬೇಡಪ್ಪ. ಹಳೇದೇ ಇರಲಿ. ಗೋಳಾದ್ರೂ ಗೊತ್ತಿರೋ ಗೋಳು.”

ಕಾರಣ ಸಣ್ಣದು. ಬೇಗ ಶುರುವಾಗಲಿ ಅಂತ ಆ ಓಎಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ನಿದ್ದೆಯಲ್ಲಿ ಇರುತ್ತದೆ. ಆ ಸ್ಥಿತಿಯಲ್ಲಿರುವ ಡಿಸ್ಕಿನ ಭಾಗದಲ್ಲಿ ಬರೆದರೆ ಕೆಡಬಹುದು ಅಂತ ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ. ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ತೆಗೆದಿದ್ದರೆ ಆಗುತ್ತಿತ್ತು. ಆದರೆ ಗಡುವಿನ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಅಕ್ಕನಿಗೆ ಇದನ್ನೆಲ್ಲ ವಿವರಿಸುವುದು ಸಹಾಯ ಆಗುವುದಿಲ್ಲ. ಮರುದಿನ ಹೋಗಿ ಲಿನಕ್ಸ್ ತೆಗೆದುಹಾಕಿದೆ.

ನೋಟ್‌ಬುಕ್ಕಿನ ಒಂದು ವಾರ

ಮೂರು ತಿಂಗಳು ಈ ಮಾತು ಎತ್ತಲಿಲ್ಲ. ಎತ್ತಿದವರು ಅಕ್ಕನೇ. ಆ ಸಲ ನಾನು ಏನನ್ನೂ ಇನ್‌ಸ್ಟಾಲ್ ಮಾಡಲಿಲ್ಲ. ಒಂದು ವಾರ ಒಂದು ನೋಟ್‌ಬುಕ್ ಪಕ್ಕದಲ್ಲಿ ಇಟ್ಟುಕೊಳ್ಳಿ ಅಂದೆ. ಯಾವ ತಂತ್ರಾಂಶ ತೆರೆದಿರಿ, ಯಾವ ಥರದ ಫೈಲು, ಅದು ಯಾರಿಂದ ಬಂತು, ಯಾರಿಗೆ ಹೋಯಿತು. ಜೊತೆಗೆ, ಯಾವಾಗ ಸಿಟ್ಟು ಬಂತು, ಆಗ ಏನು ಮಾಡುತ್ತಿದ್ದಿರಿ.

ಈ ಇಡೀ ಪ್ರಕರಣದಲ್ಲಿ ನಾವು ಮಾಡಿದ ಒಳ್ಳೆಯ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ ಆ ನೋಟ್‌ಬುಕ್ ಅನ್ನುತ್ತೇನೆ. ವಾರದ ಕೊನೆಗೆ ಆರು ಪುಟ ತುಂಬಿತ್ತು. ಓದುತ್ತಾ ಹೋದಂತೆ ಎರಡು ಸಂಗತಿ ಎದ್ದು ಕಂಡವು.

ಒಂದು, ಸಿಟ್ಟು ಬಂದ ಕ್ಷಣಗಳಲ್ಲಿ ಹೆಚ್ಚಿನವು ಫೈಲು ತೆರೆಯುವಾಗ, ಉಳಿಸುವಾಗ, ಕಂಪ್ಯೂಟರ್ ಶುರುವಾಗುವಾಗ. ಅಂದರೆ ಡಿಸ್ಕಿಗೆ ಕೆಲಸ ಬಿದ್ದಾಗ. ಎರಡು, ಅಕ್ಕನ ಕೆಲಸದಲ್ಲಿ ಆ ಓಎಸ್ ಇಲ್ಲದೆ ಆಗುವುದೇ ಇಲ್ಲ ಅನ್ನುವಂಥವು ಎರಡೇ ಇದ್ದವು. ಪೇಜ್‌ಮೇಕರ್ ಮತ್ತು ಹಳೆಯ ಫಾಂಟಿನ ಫೈಲುಗಳು. ಮಿಕ್ಕಿದ್ದು ಮೇಲ್, ಬ್ರೌಸರ್, ಪಿಡಿಎಫ್, ಪ್ರಿಂಟರ್. ಅವು ಎಲ್ಲಿ ಬೇಕಾದರೂ ನಡೆಯುತ್ತವೆ.

ಮೊದಲು ಡಿಸ್ಕ್ ನೋಡಿದೆವು. ಮಿಂಟ್ ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿದೆ. ಹೀಗೆ ಮಾಡಿದಾಗ ಒಳಗಿನ ಡಿಸ್ಕಿಗೆ ಕೆಲಸವೇ ಇಲ್ಲ. ಅದೇ ಲ್ಯಾಪ್‌ಟಾಪ್ ಲವಲವಿಕೆಯಿಂದ ಓಡಿತು. ಆಮೇಲೆ ಅಲ್ಲಿಂದಲೇ ಡಿಸ್ಕಿನ ಆರೋಗ್ಯದ ವರದಿ ತೆರೆದೆ. ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸುತ್ತಾ ಹೋಗುತ್ತದೆ, ಅದಕ್ಕೆ ಸ್ಮಾರ್ಟ್ ಅಂತಾರೆ. ಕೆಟ್ಟುಹೋದ ಜಾಗಗಳನ್ನು ಬಿಟ್ಟು ಮೀಸಲು ಜಾಗಕ್ಕೆ ಬದಲಿಸಿದ ಲೆಕ್ಕ ಸೊನ್ನೆ ಇರಬೇಕು. ಇಲ್ಲಿ ನೂರರ ಮೇಲಿತ್ತು. ಓದಲಾಗದೆ ಬಾಕಿ ಉಳಿದ ಜಾಗಗಳೂ ಇದ್ದವು. ಡಿಸ್ಕ್ ಸಾಯುತ್ತಿತ್ತು. ಮೂರು ತಿಂಗಳ ಹಿಂದೆ ನಾನು ಅದೇ ಡಿಸ್ಕಿನಲ್ಲಿ ಜಾಗ ಬಿಡಿಸಿ ಹೊಸ ಓಎಸ್ ಹಾಕಿದ್ದೆ. 17 ವರ್ಷದ ಕೆಲಸ ಅದರ ಮೇಲಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಅವತ್ತೇ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಬಳಸಿ ಡಿಸ್ಕಿನ ಪೂರ್ತಿ ನಕಲು ಹೊರಗಿನ ಡ್ರೈವ್‌ಗೆ ತೆಗೆದೆ. ಸಾಮಾನ್ಯ ಕಾಪಿ ಕೆಟ್ಟ ಜಾಗ ಸಿಕ್ಕ ಕಡೆ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಅದನ್ನು ಬಿಟ್ಟು ಮುಂದೆ ಹೋಗಿ ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಆಮೇಲೆ ವಾಪಸ್ ಬಂದು ಉಳಿದದ್ದನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಎಲ್ಲಿವರೆಗೆ ಆಯಿತು ಅಂತ ಒಂದು ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ರಾತ್ರಿಯೆಲ್ಲ ಓಡಿತು. ಅಕ್ಕನ ಫೈಲುಗಳಲ್ಲಿ ನಾಲ್ಕು ಕೆಟ್ಟಿದ್ದವು. ನಾಲ್ಕಕ್ಕೂ ಮೇಲ್‌ನಲ್ಲಿ ಹಳೆಯ ಪ್ರತಿ ಸಿಕ್ಕಿತು.

ಕವಲು

ಹೊಸ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಹಾಕಿ, ರ‍್ಯಾಮ್ 8 ಜಿಬಿ ಮಾಡಿ, ಹಳೆಯ ಓಎಸ್ ಅನ್ನೇ ಅದರ ಮೇಲೆ ಇಳಿಸಿದೆವು. ಆರೇಳು ನಿಮಿಷ ಹಿಡಿಯುತ್ತಿದ್ದದ್ದು ಮುಕ್ಕಾಲು ನಿಮಿಷಕ್ಕೆ ಬಂತು. ಕರ್ಸರ್ ಸುತ್ತುವುದು ನಿಂತಿತು.

ಇದನ್ನು ಬಿಡಿಸಿ ಹೇಳದಿದ್ದರೆ ಹಳೆಯ ಓಎಸ್‌ಗೆ ಅನ್ಯಾಯ ಆಗುತ್ತದೆ. ಅಕ್ಕ ವರ್ಷಗಳಿಂದ ಬೈಯುತ್ತಿದ್ದ ನಿಧಾನದಲ್ಲಿ ಬಹುಪಾಲು ಡಿಸ್ಕಿನದ್ದು. ಓಎಸ್ ಬದಲಾಯಿಸಬೇಕು ಅನ್ನುವವರಿಗೆ ನಾನು ಈಗ ಮೊದಲು ಹೇಳುವುದು ಇದನ್ನೇ. ಡಿಸ್ಕಿನ ವರದಿ ನೋಡಿ, ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ. ನಿಮ್ಮ ಸಿಟ್ಟು ಯಾವುದರ ಮೇಲೆ ಅಂತ ಮೊದಲು ಗೊತ್ತಾಗಲಿ. ಕೆಲವರಿಗೆ ಅಲ್ಲಿಗೇ ಕೆಲಸ ಮುಗಿಯಬಹುದು.

ನಾನು ಅಕ್ಕನನ್ನು ಕೇಳಿದೆ. “ಈಗ ಚೆನ್ನಾಗಿದೆಯಲ್ಲ, ಹೀಗೇ ಇದ್ದುಬಿಡ್ತೀರಾ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, “ನಿಧಾನ ಹೋಯ್ತು, ಸರಿ. ಆದ್ರೆ ಅಪ್‌ಡೇಟ್ ನಿಲ್ಲೋದು ನಿಲ್ಲುತ್ತಲ್ಲ. ಮುಂದೊಂದು ದಿನ ಈ ಯಂತ್ರ ಹೋದ್ರೆ ನನ್ನ ಫೈಲುಗಳ ಗತಿ? ಅವು ಆ ಫಾಂಟಿಗೆ ಕಟ್ಟಿಬಿದ್ದಿವೆ, ನಾನು ಅವಕ್ಕೆ ಕಟ್ಟಿಬಿದ್ದಿದೀನಿ.”

ನನಗೆ ತಲೆಗೆ ಹೊಳೆಯದೇ ಇದ್ದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಅವರನ್ನು ಹಿಡಿದಿಟ್ಟಿದ್ದು ಫೈಲುಗಳ ರೂಪ. ಅದನ್ನು ಬಿಟ್ಟು ಓಎಸ್ ಬದಲಾಯಿಸಲು ಹೋಗಿದ್ದೆ, ಮುಗ್ಗರಿಸಿದೆ. ಅಲ್ಲಿಂದ ಕ್ರಮವನ್ನೇ ತಿರುಗಿಸಿದೆವು. ಓಎಸ್ ಕೊನೆಗೆ. ಮೊದಲು ಹಳೆಯ ಓಎಸ್‌ನಲ್ಲೇ ಇದ್ದು ಟೈಪಿಂಗ್ ಅನ್ನು ಯೂನಿಕೋಡ್‌ಗೆ ತರುವುದು, ವರ್ಡ್ ಬದಲು ಲಿಬ್ರೆ ಆಫೀಸ್ ರೂಢಿ ಮಾಡಿಕೊಳ್ಳುವುದು. ಲಿಬ್ರೆ ಆಫೀಸ್ ಎರಡೂ ಕಡೆ ಒಂದೇ ಥರ ಇರುತ್ತದೆ. ಆಮೇಲೆ ಹಳೆಯ ಫೈಲುಗಳು. ಆಮೇಲೆ ಪೇಜ್‌ಮೇಕರ್.

ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇರುವುದರಿಂದ ಟೈಪಿಂಗ್ ಸುಲಭವಾಗಿ ಆಯಿತು. ಬೆರಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಎರಡು ತಿಂಗಳು ಹೊಸ ಕೆಲಸವೆಲ್ಲ ಯೂನಿಕೋಡ್‌ನಲ್ಲೇ ನಡೆಯಿತು.

ಫೈಲುಗಳು

ಒಟ್ಟು 2,300 ಚಿಲ್ಲರೆ ಫೈಲುಗಳಿದ್ದವು. ಎಲ್ಲವನ್ನೂ ಯೂನಿಕೋಡ್ ಮಾಡಿಬಿಡೋಣ ಅಂತ ನನಗೆ ಆಸೆ. ಅಕ್ಕ ಬೇಡ ಅಂದರು. ಮರುಮುದ್ರಣ ಆಗಬಹುದಾದ ಪುಸ್ತಕಗಳು, ನಡೆಯುತ್ತಿರುವ ಕೆಲಸ, ಅವರದೇ ಪದಪಟ್ಟಿಗಳು, ಇಷ್ಟನ್ನು ‘ಬದುಕಿರುವವು’ ಅಂತ ತೆಗೆದರು. 310 ಆಯಿತು. ಉಳಿದವನ್ನು ಪಿಡಿಎಫ್ ಮಾಡಿ, ಮೂಲ ಫೈಲಿನ ಜೊತೆ ಎರಡು ಡ್ರೈವ್‌ಗಳಲ್ಲಿ ಇಟ್ಟೆವು. ಪಿಡಿಎಫ್‌ನೊಳಗೆ ಫಾಂಟ್ ಸೇರಿರುವುದರಿಂದ ಓದಲು ಯಾವತ್ತೂ ತೊಂದರೆ ಇಲ್ಲ. ಈ ವಿಂಗಡಣೆಯಿಂದ ಉಳಿದ ಸಮಯ ಲೆಕ್ಕಕ್ಕೆ ಸಿಗದಷ್ಟು.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಒಂದು ಪುಸ್ತಕದ 20 ಪುಟ ಹಾಕಿ ನೋಡಿದೆವು. ಮೇಲ್ನೋಟಕ್ಕೆ ಚೆನ್ನಾಗಿ ಬಂತು. ಅಕ್ಕ ಅದನ್ನು ಪ್ರಿಂಟ್ ಹಾಕಿ, ಕೆಂಪು ಪೆನ್ನು ಹಿಡಿದು ಕೂತರು. ಒಂದು ಗಂಟೆಯಲ್ಲಿ ಹಾಳೆಯ ಅಂಚೆಲ್ಲ ಕೆಂಪು.

ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿದ್ದವು. ಹಳೆಯ ಫೈಲಿನಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಒಳಗೆ ಇರುವುದು ಒಂದೇ ಥರದ ಸಂಕೇತ. ಯಾವುದು ಯಾವುದು ಅಂತ ಹೇಳುವುದು ಫಾಂಟಿನ ಹೆಸರು ಮಾತ್ರ. ಬರಹವನ್ನು ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿದ ಕೂಡಲೇ ಆ ಹೆಸರು ಬಿದ್ದುಹೋಗುತ್ತದೆ.

ಎರಡನೆಯದು ಅರ್ಕಾವತ್ತು. ‘ಸೂರ್ಯ’ ಅಂತ ಬರೆಯುವಾಗ ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಒಳಗಿನ ಕ್ರಮ. ಸೂ, ಆಮೇಲೆ ಯ, ಆಮೇಲೆ ಅರ್ಕಾವತ್ತಿನ ತುಂಡು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ. ಮೊದಲು ರ್, ಆಮೇಲೆ ಯ. ಪರಿವರ್ತಕ ಆ ತುಂಡನ್ನು ಎತ್ತಿ ಹಿಂದಕ್ಕೆ ತರಬೇಕು. ಸರಳ ಪದಗಳಲ್ಲಿ ತಂದಿತ್ತು. ‘ಸಾಮರ್ಥ್ಯ’ದಂಥ ಕಡೆ, ಒತ್ತೂ ಇದ್ದು ಅರ್ಕಾವತ್ತೂ ಇರುವಲ್ಲಿ, ಕೆಲವೊಮ್ಮೆ ತಪ್ಪು ಜಾಗದಲ್ಲಿ ಇಟ್ಟಿತ್ತು. ‘ರ‍್ಯಾಂಕ್’ನಂಥ ಪದಗಳು ಉಲ್ಟಾ. ಅಲ್ಲಿ ರ ಪೂರ್ತಿಯಾಗಿ ನಿಲ್ಲಬೇಕು, ಯ ಒತ್ತಾಗಬೇಕು. ಅದಕ್ಕೆ ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಸೇರಿಸಬೇಕು. ಪರಿವರ್ತಕ ಸೇರಿಸದೆ ‘ರ್ಯಾಂಕ್’ ಮಾಡಿತ್ತು.

ಮೂರನೆಯದು ಪರಿವರ್ತಕದ ತಪ್ಪಲ್ಲ, ಟೈಪ್ ಮಾಡಿದವರ ರೂಢಿ. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು. ಹಾಳೆಯ ಮೇಲೆ ಎರಡೂ ಒಂದೇ ದುಂಡಗಿನ ಗುರುತು. ಯೂನಿಕೋಡ್‌ಗೆ ಬಂದಮೇಲೆ ‘ಅಂಗಳ’ ಅಂತ ಹುಡುಕಿದರೆ ‘ಅ೦ಗಳ’ ಸಿಗುವುದಿಲ್ಲ. ಅಕ್ಷರದ ನಡುವೆ ಬಂದ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡುವ ಒಂದು ನಿಯಮ ಬರೆದೆವು, ತೀರಿತು.

ಇಂಗ್ಲಿಷಿನ ತೊಂದರೆಗೆ ನಾನು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದು ಫೈಲಿನೊಳಗೆ ಹೋಗಿ ಪ್ರತಿ ತುಣುಕಿನ ಫಾಂಟ್ ಹೆಸರು ನೋಡುತ್ತದೆ. ನುಡಿ ಫಾಂಟ್ ಆಗಿದ್ದರೆ ಮಾತ್ರ ಬದಲಿಸುತ್ತದೆ, ಇಲ್ಲದಿದ್ದರೆ ಮುಟ್ಟುವುದಿಲ್ಲ. ದಪ್ಪಕ್ಷರ, ಅಡಿಟಿಪ್ಪಣಿ ಎಲ್ಲ ಹಾಗೇ ಉಳಿದವು.

ಅರ್ಕಾವತ್ತಿನ ತಪ್ಪು ಹಿಡಿಯುವ ದಾರಿ ತೋರಿಸಿದ್ದು ಅಕ್ಕ. ಒಂದೊಂದೇ ಪುಟ ಓದುತ್ತಾ ಕೂತರೆ ವರ್ಷ ಬೇಕು. “ಪುಸ್ತಕದಲ್ಲಿರೋ ಪದಗಳನ್ನೆಲ್ಲ ಒಂದೊಂದೇ ಸಲ ಪಟ್ಟಿ ಮಾಡಿಕೊಡ್ತೀಯಾ? ಎಷ್ಟು ಸಲ ಬಂದಿದೆ ಅಂತ ಪಕ್ಕದಲ್ಲಿ ಹಾಕು” ಅಂದರು. ಹಾಕಿಕೊಟ್ಟೆ. ಒಂದೇ ಸಲ ಬಂದ ಪದಗಳಿಂದ ಶುರು ಮಾಡಿದರು. ಕೆಟ್ಟುಹೋದ ಪದ ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತದೆ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಬೆರಳು ಪಟ್ಟಿಯ ಮೇಲೆ ಜಾರುತ್ತಾ ಹೋಗುತ್ತದೆ, ಒಂದು ಕಡೆ ತಟ್ಟನೆ ನಿಲ್ಲುತ್ತದೆ, ಕೆಂಪು ಗೀಟು ಬೀಳುತ್ತದೆ. ಹಾಗೆ ಗೀಟು ಹಾಕಿದ ಪದಗಳನ್ನು ನೋಡಿ ನಾನು ನಿಯಮ ಸೇರಿಸುತ್ತಾ ಹೋದೆ. ಐದನೇ ಸುತ್ತಿನ ಹೊತ್ತಿಗೆ ಹೊಸ ಫೈಲು ಹಾಕಿದರೆ ಗೀಟು ಬೀಳುವುದು ಅಪರೂಪವಾಯಿತು. ಕರಡು ತಿದ್ದುವವರ ಕಣ್ಣು ಇಲ್ಲದೆ ಈ ಕೆಲಸ ಆಗುತ್ತಿರಲಿಲ್ಲ. 310 ಫೈಲುಗಳಿಗೆ ಒಟ್ಟು ಏಳು ವಾರ ಹಿಡಿಯಿತು, ದಿನಕ್ಕೆ ಒಂದು ಗಂಟೆಯ ಹಾಗೆ.

ಪೇಜ್‌ಮೇಕರ್

ಇಲ್ಲಿ ಪೂರ್ತಿ ಗೆಲ್ಲಲಿಲ್ಲ. ಲಿಬ್ರೆ ಆಫೀಸ್‌ನ ಚಿತ್ರ ಬಿಡಿಸುವ ತಂತ್ರಾಂಶ ಡ್ರಾ, 2015ರ 4.4 ಆವೃತ್ತಿಯಿಂದ ಪೇಜ್‌ಮೇಕರ್ ಫೈಲು ತೆರೆಯುತ್ತದೆ. ತೆರೆದು ನೋಡಿದೆವು. ಪುಟಗಳು ಬಂದವು, ಆದರೆ ಬರಹ ಪುಟದಿಂದ ಪುಟಕ್ಕೆ ಹರಿಯುವ ಕೊಂಡಿ ಉಳಿಯಲಿಲ್ಲ. ಒಂದು ಸಾಲು ಸೇರಿಸಿದರೆ ಮುಂದಿನ ಪುಟಗಳು ಹೊಂದಿಕೊಳ್ಳುವುದಿಲ್ಲ. ಮರುಮುದ್ರಣಕ್ಕೆ ಅದು ಸಾಲದು.

ಹಾಗಾಗಿ ಹೊಸ ಪುಸ್ತಕ, ಪುಟ ಕಟ್ಟುವ ಉಚಿತ ತಂತ್ರಾಂಶ ಸ್ಕ್ರೈಬಸ್‌ನಲ್ಲಿ, ಹಳೆಯದು ಪೇಜ್‌ಮೇಕರ್‌ನಲ್ಲೇ ಅಂತ ನಿರ್ಧಾರ ಮಾಡಿದೆವು. ಹಿಂದೆ ಯಾರಾದರೂ ಸ್ಕ್ರೈಬಸ್ ಕನ್ನಡಕ್ಕೆ ಆಗಲ್ಲ ಅಂದಿದ್ದರೆ ಅದು ಆಗಿನ ಮಟ್ಟಿಗೆ ನಿಜ. 1.4 ಆವೃತ್ತಿಯಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. 1.5.3ರಿಂದ ಅದಕ್ಕೆ ಬೇಕಾದ ವ್ಯವಸ್ಥೆ ಬಂತು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಅದು ಸ್ಥಿರ ಆವೃತ್ತಿಗೇ ಸೇರಿತು. ಅಕ್ಕ ಮೊದಲ ಪುಸ್ತಕ ಕಟ್ಟುವಾಗ ಎರಡು ಪಟ್ಟು ಸಮಯ ತೆಗೆದುಕೊಂಡರು. ಎರಡನೆಯದಕ್ಕೆ ಅಷ್ಟು ಬೇಕಾಗಲಿಲ್ಲ.

ಪೇಜ್‌ಮೇಕರ್‌ಗೆ ಅಂತ ಹಳೆಯ ಓಎಸ್ ಅನ್ನು ವರ್ಚುವಲ್‌ಬಾಕ್ಸ್ ಒಳಗೆ ಉಳಿಸಿಕೊಂಡೆವು. ಅದು ಒಂದು ಓಎಸ್‌ನ ಒಳಗೆ ಇನ್ನೊಂದನ್ನು ಓಡಿಸುವ ತಂತ್ರಾಂಶ. ಒಳಗಿನ ಆ ಓಎಸ್‌ಗೆ ಇಂಟರ್ನೆಟ್ ಕೊಟ್ಟಿಲ್ಲ. ಅಪ್‌ಡೇಟ್ ನಿಂತ ಓಎಸ್ ಅನ್ನು ನೆಟ್‌ನಿಂದ ದೂರ ಇಡುವುದು ಒಳ್ಳೆಯದು. ಹಂಚಿಕೊಂಡ ಒಂದು ಫೋಲ್ಡರ್ ಮೂಲಕ ಫೈಲು ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಹೀಗೆ ಉಳಿಸಿಕೊಂಡದ್ದು ಸೋಲು ಅಂತ ಕೆಲವು ಲಿನಕ್ಸ್ ಗೆಳೆಯರು ಅಂದರು. ನಾನು ಒಪ್ಪುವುದಿಲ್ಲ. ಒಂಬತ್ತನೇ ರಾತ್ರಿಯ ಆ ಫೋನ್ ಮತ್ತೆ ಬರದಂತೆ ತಡೆದದ್ದು ಇದೇ.

ಕೊನೆಗೆ ಓಎಸ್

ಇಷ್ಟಾದ ಮೇಲೆ ಓಎಸ್ ಬದಲಾಯಿಸಲು ಒಂದು ದಿನ ಸಾಕಾಯಿತು. ಕೈಯಲ್ಲಿ ಯಾವ ಗಡುವೂ ಇಲ್ಲದ ವಾರವನ್ನು ಅಕ್ಕನೇ ಆರಿಸಿದರು. ಲಿನಕ್ಸ್ ಮಿಂಟ್ 22 ಹಾಕಿದೆವು, ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಈ ಸಲ ಪಕ್ಕಪಕ್ಕ ಎರಡು ಓಎಸ್ ಇಲ್ಲ, ಇಡೀ ಡಿಸ್ಕ್ ಮಿಂಟ್‌ಗೇ. ಅರ್ಧ ನಿದ್ದೆಯ ಡಿಸ್ಕಿನ ತಂಟೆಯೇ ಇಲ್ಲ.

ಕೀಬೋರ್ಡಿಗೆ, ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಮತ್ತು ಎಂ17ಎನ್ ತಂತ್ರಾಂಶ ಹಾಕಿದೆ. ಅದರಲ್ಲೂ ಕಗಪ ಅಂತ ಒಂದು ಇದೆ. ಹೆಸರು ಮೊದಲ ಸಲದ್ದೇ, ನಡವಳಿಕೆ ಬೇರೆ. ಹಿಂದಿನ ಅಕ್ಷರ ನೋಡಿ ಸ್ವರವೋ ಗುಣಿತವೋ ಅಂತ ತಾನೇ ತೀರ್ಮಾನಿಸುತ್ತದೆ. ಒತ್ತಿಗೆ ಎಫ್ ಕೀಲಿ, ನುಡಿಯ ಹಾಗೇ. ಅಕ್ಕ ಒಂದು ಪ್ಯಾರಾ ಟೈಪ್ ಮಾಡಿ ನಿಲ್ಲಿಸಿದರು. ಏನೂ ಹೇಳಲಿಲ್ಲ. ಇನ್ನೊಂದು ಪ್ಯಾರಾ ಟೈಪ್ ಮಾಡಿದರು. “ಬೆರಳು ನೋಡೋಕೆ ಹೋಗ್ಲೇ ಇಲ್ಲ ಅಲ್ವಾ” ಅಂತ ನನ್ನ ಕಡೆ ತಿರುಗಿದರು.

ಪ್ರಿಂಟರ್ ತಾನಾಗಿ ಗುರುತು ಸಿಕ್ಕಿತು. ಫಾಂಟುಗಳಲ್ಲಿ ಗುಬ್ಬಿ, ನವಿಲು, ನೋಟೊ ಹಾಕಿದೆವು. ಹಳೆಯ ನುಡಿ ಫಾಂಟುಗಳನ್ನೂ ಇಟ್ಟಿದ್ದೇವೆ, ಯಾರಾದರೂ ಹಳೆಯ ಫೈಲು ಕಳಿಸಿದರೆ ತೆರೆದು ನೋಡಲು.

ಏಳು ತಿಂಗಳ ಮೇಲೆ

ತೊಡಕು ಇನ್ನೂ ಇವೆ. ಅಕ್ಕ ಕೆಲಸ ಮಾಡುವ ಮೂರು ಮುದ್ರಣಾಲಯಗಳಲ್ಲಿ ಎರಡು ಪಿಡಿಎಫ್ ತೆಗೆದುಕೊಳ್ಳುತ್ತವೆ. ಒಂದಕ್ಕೆ ಪೇಜ್‌ಮೇಕರ್ ಫೈಲೇ ಬೇಕು, ಹಳೆಯ ಫಾಂಟಿನಲ್ಲೇ ಬೇಕು. ಅವರಿಗಾಗಿ ಯೂನಿಕೋಡ್ ಬರಹವನ್ನು ಮತ್ತೆ ಹಳೆಯ ಸಂಕೇತಕ್ಕೆ ತಿರುಗಿಸಿ, ವರ್ಚುವಲ್‌ಬಾಕ್ಸ್‌ನಲ್ಲಿ ಪುಟ ಕಟ್ಟುತ್ತಾರೆ. ತಿರುಗಿಸಿದ ಮೇಲೆ ಇನ್ನೊಂದು ಸಲ ಕರಡು ನೋಡಬೇಕು, ಅದು ಹೆಚ್ಚಿನ ಕೆಲಸ. ಸ್ಕ್ರೈಬಸ್‌ನಲ್ಲಿ ಸಾಲಿನ ಕೊನೆಗೆ ಪದ ಒಡೆಯುವುದನ್ನು ಅಕ್ಕ ಈಗಲೂ ಕೈಯಿಂದಲೇ ಸರಿಮಾಡುತ್ತಾರೆ.

ವರ್ಚುವಲ್‌ಬಾಕ್ಸ್ ತೆರೆದ ದಿನಗಳನ್ನು ಅವರು ಅದೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದಾರೆ. ಮೊದಲ ತಿಂಗಳು 14 ದಿನ. ಏಳನೇ ತಿಂಗಳು 3.

ಮೊನ್ನೆ ಹೋದಾಗ ಅಕ್ಕ ಒಂದು ದೊಡ್ಡ ಪುಸ್ತಕದ ಎರಡನೇ ಮುದ್ರಣಕ್ಕೆ ಕೂತಿದ್ದರು. ಅದರ ಲೇಖಕರು ಒಂದು ಕಡೆ ‘ಮೊದಲಾದವು’, ಇನ್ನೊಂದು ಕಡೆ ‘ಮೊದಲಾದುವು’ ಅಂತ ಬರೆಯುತ್ತಾರೆ. ಅವರ ಹಿಂದಿನ ಪುಸ್ತಕಗಳಲ್ಲಿ ಯಾವ ರೂಪ ಜಾಸ್ತಿ ಇದೆಯೋ ಅದನ್ನೇ ಉಳಿಸಬೇಕು ಅನ್ನುವುದು ಅಕ್ಕನ ಪದ್ಧತಿ. ಹಿಂದೆ ಇದಕ್ಕೆ ಅಚ್ಚಾದ ಪುಸ್ತಕ ಕೆಳಗಿಳಿಸಿ ಪುಟ ಮಗುಚುತ್ತಿದ್ದರು. ಈಗ ಆ ಲೇಖಕರ ಫೋಲ್ಡರ್ ತೆರೆದು, ಹುಡುಕುವ ಪಟ್ಟಿಯಲ್ಲಿ ಕನ್ನಡದಲ್ಲೇ ಪದ ಹೊಡೆದರು. ಐದು ಪುಸ್ತಕಗಳಿಂದ ಸಾಲುಗಳು ಬಂದು ನಿಂತವು. ಅಕ್ಕ ಎರಡೂ ರೂಪಗಳನ್ನು ಎಣಿಸಿದರು, ನೋಟ್‌ಬುಕ್ಕಿನಲ್ಲಿ ‘ಮೊದಲಾದುವು’ ಅಂತ ಬರೆದುಕೊಂಡರು, ಕರಡಿನ ಮುಂದಿನ ಹಾಳೆ ಎಳೆದುಕೊಂಡರು.